ಡೌನ್‌ರಿಗ್ಗರ್ ಇಲ್ಲದೆ ಆಳದ ಸಾಲ್ಮನ್: ಸೀಸ, ದಾರ ಮತ್ತು ಓರೆಯ ಲೆಕ್ಕ

ದೋಣಿಯ ಹಿಂದೆ 100 ಅಡಿ ದಾರ ಬಿಟ್ಟರೆ ಗಾಳ 100 ಅಡಿ ಆಳಕ್ಕೆ ಹೋಯಿತು ಎಂದುಕೊಳ್ಳುವುದು ಸಾಲ್ಮನ್ ಹಿಡಿಯಲು ಹೊರಟ ಹೊಸಬರ ಮೊದಲ ತಪ್ಪು. 4 ಔನ್ಸ್ ಸೀಸ ಕಟ್ಟಿ ಎರಡೂವರೆ ನಾಟ್ (ಗಂಟೆಗೆ ಸುಮಾರು 4.6 ಕಿ.ಮೀ.) ವೇಗದಲ್ಲಿ ಎಳೆದರೆ ಆ ಗಾಳ 20–25 ಅಡಿಗಿಂತ ಕೆಳಗೆ ಇಳಿಯುವುದು ಕಷ್ಟ. ಚಿನೂಕ್ ಎಂಬ ಜಾತಿಯ ಸಾಲ್ಮನ್ ಅದೇ ಹೊತ್ತಿಗೆ 90 ಅಡಿಯಲ್ಲಿ, ತಳಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಓಡಾಡುತ್ತಿರಬಹುದು. ನಡುವೆ ಇರುವುದು 65 ಅಡಿ ಖಾಲಿ ನೀರು.

ಈ ಅಂತರ ತುಂಬಲೆಂದೇ ಮಾಡಿದ ಯಂತ್ರ ಡೌನ್‌ರಿಗ್ಗರ್. ದೋಣಿಯ ಅಂಚಿಗೆ ಬಿಗಿದ ಒಂದು ರಾಟೆ, ಅದರಿಂದ ಇಳಿಯುವ ಉಕ್ಕಿನ ತಂತಿ, ತಂತಿಯ ತುದಿಯಲ್ಲಿ 10–15 ಪೌಂಡ್ ತೂಕದ ಸೀಸದ ಗುಂಡು. ಗಾಳದ ದಾರವನ್ನು ಒಂದು ಕ್ಲಿಪ್ಪಿನಿಂದ ಆ ಗುಂಡಿನ ಹತ್ತಿರ ಸಿಕ್ಕಿಸುತ್ತಾರೆ. ಮೀನು ಕಚ್ಚಿ ಎಳೆದೊಡನೆ ದಾರ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ, ಆಮೇಲೆ ಮೀನಿಗೂ ನಿಮಗೂ ನಡುವೆ ಯಾವ ಭಾರವೂ ಇರುವುದಿಲ್ಲ. ಸೊಗಸಾದ ಏರ್ಪಾಡು, ಅನುಮಾನವಿಲ್ಲ. ಆದರೆ ಬಾಡಿಗೆ ದೋಣಿಗೆ, 14 ಅಡಿಯ ಅಲ್ಯೂಮಿನಿಯಂ ದೋಣಿಗೆ, ಕಯಾಕ್‌ಗೆ ಅದನ್ನು ಕೂರಿಸುವುದು ಎಲ್ಲರಿಂದಲೂ ಆಗದ ಮಾತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ, ರೆಡ್‌ಮಂಡ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಯಾರಾದರೂ ವಾರಾಂತ್ಯಕ್ಕೆ ಅಲ್ಲಿಯ ಪ್ಯೂಜೆಟ್ ಸೌಂಡ್ ಎಂಬ ಕಡಲಚಾಚಿನಲ್ಲಿ ದೋಣಿ ಇಳಿಸಬೇಕೆಂದಿದ್ದರೆ ಅವರ ಮುಂದಿರುವ ಪ್ರಶ್ನೆಯೂ ಇದೇ: ರಾಟೆ ಇಲ್ಲದೆ ಆಳ ಮುಟ್ಟುವುದು ಹೇಗೆ?

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳಬೇಕು. ಮಲ್ಪೆ, ಮಂಗಳೂರು ಬಂದರಿನಲ್ಲಿ ಕಾಣುವ ಟ್ರಾಲ್ ಬೋಟ್‌ಗಳು ಎಳೆಯುವುದು ಬಲೆಯನ್ನು, ಅದು ಟ್ರಾಲಿಂಗ್. ಇಲ್ಲಿ ಹೇಳುತ್ತಿರುವುದು ಟ್ರೋಲಿಂಗ್. ಬಲೆ ಇಲ್ಲ, ಒಂದು ಕೋಲು, ಒಂದು ದಾರ, ತುದಿಗೆ ಎರೆ ಅಥವಾ ಹೊಳೆಯುವ ತಗಡು. ದೋಣಿ ನಿಧಾನವಾಗಿ ಸಾಗುತ್ತಿರುತ್ತದೆ, ಹಿಂದೆ ಎರೆ ಜೀವಂತ ಮೀನಿನಂತೆ ಈಜುತ್ತಾ ಬರುತ್ತದೆ. ನಮ್ಮ ಪತ್ರಿಕೆಗಳಲ್ಲಿ ಎರಡಕ್ಕೂ ಒಂದೇ ಕಾಗುಣಿತ ಬೀಳುವುದುಂಟು, ಆದರೆ ಕೆಲಸಗಳು ಬೇರೆ ಬೇರೆ.

ಈಗ ವಿಷಯದ ತಿರುಳಿಗೆ. ನೀರೊಳಗೆ ಸೀಸ ಮಾಡುವುದು ಒಂದೇ ಕೆಲಸ, ಕೆಳಕ್ಕೆ ಜಗ್ಗುವುದು. ಉಳಿದದ್ದೆಲ್ಲ, ಅಂದರೆ ದಾರ, ಫ್ಲ್ಯಾಷರ್ ಎಂಬ ಹೊಳೆಯುವ ಪಟ್ಟಿ, ಎರೆ, ಹಿಂದಕ್ಕೆ ಜಗ್ಗುತ್ತವೆ. ಈ ಎರಡು ಜಗ್ಗಾಟಗಳು ರಾಜಿಯಾದ ಜಾಗವೇ ದಾರದ ಓರೆ. ಡೌನ್‌ರಿಗ್ಗರ್ ಇಲ್ಲದವರಿಗೆ ಆಳ ತಿಳಿಸುವ ಮಾಪಕ ಈ ಓರೆಯೊಂದೇ. ಎಷ್ಟು ದಾರ ಬಿಟ್ಟಿರಿ ಎಂಬುದು ಅರ್ಧ ಲೆಕ್ಕ. ಅದು ಎಷ್ಟು ಓರೆಯಾಗಿ ನಿಂತಿದೆ ಎಂಬುದು ಇನ್ನರ್ಧ.

ಹಿಂದಕ್ಕೆ ಜಗ್ಗುವ ಬಲ ಮೂರು ಸಂಗತಿಗಳಿಂದ ಹೆಚ್ಚುತ್ತದೆ: ವೇಗ, ದಾರದ ದಪ್ಪ, ನೀರಿನಲ್ಲಿರುವ ದಾರದ ಉದ್ದ. ಇವುಗಳಲ್ಲಿ ವೇಗವೇ ದೊಡ್ಡ ಕಳ್ಳ. ನೀರಿನ ತಡೆ ವೇಗದ ವರ್ಗಕ್ಕೆ ಸರಿಯಾಗಿ ಏರುತ್ತದೆ. 2 ನಾಟ್‌ನಿಂದ 3 ನಾಟ್‌ಗೆ ಹೋದರೆ ವೇಗ ಒಂದೂವರೆ ಪಟ್ಟು, ತಡೆ ಮಾತ್ರ ಎರಡೂಕಾಲು ಪಟ್ಟು. ಸೀಸದ ತೂಕ ಇದ್ದಷ್ಟೇ ಇರುತ್ತದೆ, ಹಾಗಾಗಿ ದಾರ ಮಲಗುತ್ತದೆ, ಗಾಳ ಮೇಲೇಳುತ್ತದೆ. ಆಳ ಸಾಲದೆಂದು ಸೀಸ ಹೆಚ್ಚಿಸುವವರು ಮೊದಲು ಎಂಜಿನ್ ತಗ್ಗಿಸಿ ನೋಡಬೇಕು. ಅದಕ್ಕೆ ಕಾಸಿನ ಖರ್ಚೂ ಇಲ್ಲ.

ಎರಡನೆಯದು ದಪ್ಪ. 30 ಪೌಂಡ್ ತಡೆಯುವ ನೈಲಾನ್ ದಾರ ಸುಮಾರು 0.55 ಮಿ.ಮೀ. ದಪ್ಪವಿರುತ್ತದೆ. ಅಷ್ಟೇ ಬಲದ ಹೆಣೆದ ದಾರ, ಅಂದರೆ ಅಂಗಡಿಯಲ್ಲಿ ಬ್ರೇಡ್ ಎಂದು ಕೇಳಿದರೆ ಕೊಡುವುದು, ಸುಮಾರು 0.28 ಮಿ.ಮೀ. ಅರ್ಧ ದಪ್ಪ ಎಂದರೆ ಅರ್ಧ ತಡೆ. ಹೊಸ ಸಾಮಾನು ಒಂದನ್ನೇ ಕೊಳ್ಳಲು ಸಾಧ್ಯ ಎಂದಾದರೆ ಕೊಳ್ಳಬೇಕಾದದ್ದು ಇದನ್ನು. ಬ್ರೇಡ್ ಹಿಗ್ಗುವುದಿಲ್ಲ ಎಂಬುದು ಅದರ ಗುಣವೂ ಹೌದು, ದೋಷವೂ ಹೌದು. ತಳಕ್ಕೆ ಸೀಸ ತಾಗಿದ್ದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ, ಆದರೆ ಮೀನು ತಲೆ ಕೊಡವಿದಾಗ ಆ ಪೆಟ್ಟು ನೇರವಾಗಿ ಗಾಳದ ಮೇಲೆ ಬಿದ್ದು ಬಾಯಿ ಹರಿಯುತ್ತದೆ. ಅದಕ್ಕೆ ಬ್ರೇಡ್‌ನ ತುದಿಗೆ 15–20 ಅಡಿ ನೈಲಾನ್ ಸೇರಿಸಿಕೊಳ್ಳುವುದು ವಾಡಿಕೆ.

ಮೂರನೆಯದು ಉದ್ದ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿ. ದಾರ ಎರಡರಷ್ಟು ಬಿಟ್ಟರೆ ಆಳ ಎರಡರಷ್ಟು ಆಗುವುದಿಲ್ಲ. ಬಿಟ್ಟ ಪ್ರತಿ ಅಡಿ ದಾರವೂ ತಡೆಯನ್ನು ಹೆಚ್ಚಿಸುತ್ತದೆ, ಸೀಸವನ್ನು ಹೆಚ್ಚಿಸುವುದಿಲ್ಲ. ಬ್ರೇಡ್ ಅಂತೂ ನೀರಿಗಿಂತ ಹಗುರ, ತನ್ನಷ್ಟಕ್ಕೆ ಮುಳುಗುವುದೇ ಇಲ್ಲ. ಒಂದು ಹಂತ ದಾಟಿದ ಮೇಲೆ ಬಿಟ್ಟ ದಾರವೆಲ್ಲ ಹಿಂದಕ್ಕೆ ಹೋಗುತ್ತದೆಯೇ ಹೊರತು ಕೆಳಕ್ಕಲ್ಲ. ದೋಣಿಯಿಂದ 250 ಅಡಿ ಹಿಂದೆ ಗಾಳ ಅಲೆಯುತ್ತಿದ್ದರೆ ಆಳದಲ್ಲಿ ಸಿಗುವ ಲಾಭ ಅಲ್ಪ, ಪಕ್ಕದ ದೋಣಿಯ ದಾರಕ್ಕೆ ಸುತ್ತಿಕೊಳ್ಳುವ ಸಂಭವ ಜಾಸ್ತಿ.

ಓರೆಯಿಂದ ಆಳ ತೆಗೆಯುವ ಲೆಕ್ಕ ಶಾಲೆಯ ತ್ರಿಕೋನಮಿತಿ. ನೇರ ಕೆಳಗೆ ಇಳಿಯುವ ಗೆರೆಯಿಂದ ದಾರ ಎಷ್ಟು ಡಿಗ್ರಿ ವಾಲಿದೆ ಎಂದು ನೋಡಿ. 30 ಡಿಗ್ರಿ ವಾಲಿದ್ದರೆ 100 ಅಡಿ ದಾರಕ್ಕೆ 87 ಅಡಿ ಆಳ. 45 ಡಿಗ್ರಿಗೆ 71 ಅಡಿ. 60 ಡಿಗ್ರಿಗೆ 50 ಅಡಿ. 70 ಡಿಗ್ರಿ ದಾಟಿದರೆ 34 ಅಡಿಯೂ ಇಲ್ಲ, ಅಲ್ಲಿಗೆ ಆಟ ಮುಗಿಯಿತು. ಕೋಲಿನ ತುದಿಯಿಂದ ನೀರಿನವರೆಗೆ ಗಾಳಿಯಲ್ಲಿರುವ 5–6 ಅಡಿಯನ್ನು ಮೊದಲೇ ಕಳೆದುಕೊಳ್ಳಿ. 45 ಡಿಗ್ರಿ ಗುರುತಿಸಲು ಚೌಕಾಕಾರದ ಕಾಗದವೊಂದನ್ನು ಮೂಲೆಯಿಂದ ಮೂಲೆಗೆ ಮಡಿಸಿ ಹಿಡಿದರೆ ಸಾಕು. ಫೋನಿನಲ್ಲಿ ಮಟ್ಟ ನೋಡುವ ಆ್ಯಪ್ ಇದ್ದರೂ ಆದೀತು. ನಿಜದಲ್ಲಿ ದಾರ ಸರಳರೇಖೆಯಲ್ಲ, ಬಿಲ್ಲಿನಂತೆ ಬಾಗಿರುತ್ತದೆ. ಮೇಲ್ಗಡೆ ಹೆಚ್ಚು ಮಲಗಿದ್ದು, ಸೀಸದ ಹತ್ತಿರ ಹೆಚ್ಚು ನೆಟ್ಟಗಿರುತ್ತದೆ. ಹಾಗಾಗಿ ಭಾರವಾದ ಸೀಸ, ಹಗುರ ಎರೆ ಇದ್ದಾಗ ನಿಜವಾದ ಆಳ ಈ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಕಲ್ಲಿನ ತಳದ ಮೇಲೆ ಎಳೆಯುವಾಗ ಈ ‘ಸ್ವಲ್ಪ’ವನ್ನು ಮರೆತವರು ಸೀಸ ಕಳೆದುಕೊಳ್ಳುತ್ತಾರೆ.

ಕಾಗದದ ಲೆಕ್ಕಕ್ಕಿಂತ ನಂಬಬಹುದಾದ್ದು ತಳ ಮುಟ್ಟಿಸಿ ನೋಡುವುದು. ಸಮತಟ್ಟಾದ, ಆಳ ಗೊತ್ತಿರುವ ಜಾಗ ಹುಡುಕಿ. ನಕ್ಷೆಯಲ್ಲಿ ಅಥವಾ ದೋಣಿಯ ಸೋನಾರ್‌ನಲ್ಲಿ 60 ಅಡಿ ಎಂದು ತೋರಿಸುವ ಮರಳಿನ ತಳ ಒಳ್ಳೆಯದು. ನೀವು ಎಳೆಯಬೇಕೆಂದಿರುವ ವೇಗದಲ್ಲೇ ಸಾಗುತ್ತಾ ದಾರವನ್ನು ನಿಧಾನವಾಗಿ ಬಿಡಿ. ಸೀಸ ಕುಟ್ಟಿದ್ದು ಕೋಲಿನ ತುದಿಯಲ್ಲಿ ಕಾಣುತ್ತದೆ. ಎಷ್ಟು ದಾರ ಬಿಟ್ಟಿರಿ ಎಂದು ಬರೆದಿಟ್ಟುಕೊಳ್ಳಿ. 60 ಅಡಿಗೆ 90 ಅಡಿ ದಾರ ಬೇಕಾಯಿತು ಎಂದರೆ ಆ ಸೀಸಕ್ಕೆ, ಆ ವೇಗಕ್ಕೆ, ಆ ಎರೆಗೆ ನಿಮ್ಮ ದರ ಒಂದೂವರೆ. ಮೂರರಲ್ಲಿ ಒಂದು ಬದಲಾದರೂ ದರ ಬದಲಾಗುತ್ತದೆ, ಮತ್ತೆ ಮುಟ್ಟಿಸಿ ನೋಡಬೇಕು.

ದಾರ ಅಳೆಯಲು ಎಣಿಸುವ ರೀಲ್ ಸಿಗುತ್ತದೆ. ಇಲ್ಲದಿದ್ದರೂ ತೊಂದರೆಯಿಲ್ಲ. ಹೂವಿನವರು ಮಲ್ಲಿಗೆ ಅಳೆಯುವಂತೆ ಮಾರು ಲೆಕ್ಕದಲ್ಲಿ ಮನೆಯಲ್ಲೇ ಅಳೆದು, ಪ್ರತಿ 5 ಮಾರಿಗೊಂದು ಅಳಿಸಲಾಗದ ಶಾಯಿಯ ಗುರುತು ಹಾಕಿಟ್ಟುಕೊಳ್ಳಿ. ನಾವಿಕರು ಫ್ಯಾದಮ್ ಎನ್ನುವುದೂ ಇದೇ ಅಳತೆ, ಎರಡು ತೋಳು ಚಾಚಿದ ಉದ್ದ, 6 ಅಡಿ. ನಿಮ್ಮ ಮಾರು ಐದೂವರೆ ಅಡಿಯೇ ಇದ್ದರೆ ಅದನ್ನೇ ಹಿಡಿಯಿರಿ. ಪ್ರತಿ ಸಲವೂ ಅದೇ ಅಳತೆಯಾದರೆ ಸಾಕು. ಹತ್ತು ಗಜಕ್ಕೊಂದು ಬಣ್ಣ ಬದಲಾಗುವ ಬ್ರೇಡ್ ಕೂಡ ಅಂಗಡಿಯಲ್ಲಿದೆ.

ವೇಗ ನೋಡುವಾಗ ಇನ್ನೊಂದು ಬಲೆ. ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗವನ್ನು; ಗಾಳಕ್ಕೆ ತಿಳಿಯುವುದು ನೀರಿನೊಳಗಿನ ವೇಗ. ಪ್ಯೂಜೆಟ್ ಸೌಂಡ್‌ನಲ್ಲಿ ಭರತ-ಇಳಿತದ ಸೆಳೆತ ಜೋರು. ಎದುರು ಸೆಳೆತದಲ್ಲಿ ಜಿಪಿಎಸ್ 1 ನಾಟ್ ಎನ್ನುತ್ತಿರುವಾಗ ಎರೆ 3 ನಾಟ್‌ನಲ್ಲಿ ಗಿರಗಿರನೆ ಸುತ್ತುತ್ತಿರಬಹುದು. ಇಲ್ಲಿಯ ಬಹುಪಾಲು ಜನ ಸೆಳೆತದ ಜೊತೆಗೇ ಎಳೆಯುವುದು, ಕೊನೆ ಮುಟ್ಟಿದ ಮೇಲೆ ದಾರ ಸುತ್ತಿಕೊಂಡು ಹಿಂದಿರುಗಿ ಮತ್ತೆ ಶುರು ಮಾಡುವುದು ಇದಕ್ಕೇ. ಜಿಪಿಎಸ್ ಏನೇ ಹೇಳಲಿ, ದಾರ 45 ಡಿಗ್ರಿಗೆ ನಿಂತಿದೆಯೇ ನೋಡಿ. ಅದು ಸುಳ್ಳು ಹೇಳುವುದಿಲ್ಲ.

ಇನ್ನು ಕಟ್ಟುವ ಕ್ರಮ. ಅತ್ಯಂತ ಸರಳವಾದದ್ದು ಬಾಳೆಹಣ್ಣಿನಂತೆ ಬಾಗಿದ ಸೀಸ. ಎರಡೂ ತುದಿಗೆ ಮಣಿಸರದಂಥ ತಿರುಗಣೆ ಇರುತ್ತದೆ, ದಾರ ಮುರಿ ಬೀಳದಂತೆ ತಡೆಯುವುದು ಅದರ ಕೆಲಸ, ಬಾಗಿದ ಆಕಾರ ಸೀಸವೇ ಸುತ್ತದಂತೆ ನೋಡಿಕೊಳ್ಳುತ್ತದೆ. ಒಂದು ತುದಿಗೆ ಮುಖ್ಯ ದಾರ, ಇನ್ನೊಂದು ತುದಿಗೆ 6–8 ಅಡಿ ಉದ್ದದ, 20–25 ಪೌಂಡ್ ತಡೆಯುವ ನೈಲಾನ್, ಅದರ ತುದಿಗೆ ಎರೆ. ಆರಂಭಕ್ಕೆ ಹೀಗೆ ಇಟ್ಟುಕೊಳ್ಳಬಹುದು: 20–30 ಅಡಿ ಆಳಕ್ಕೆ 4–6 ಔನ್ಸ್, 40–60 ಅಡಿಗೆ 8–12 ಔನ್ಸ್, ಅದಕ್ಕೂ ಕೆಳಗೆ 16 ಔನ್ಸ್, ಅಂದರೆ 454 ಗ್ರಾಂ. ಇವು ಒಂದೂವರೆ ನಾಟ್‌ನ ಆಸುಪಾಸಿನ ವೇಗಕ್ಕೆ, ಫ್ಲ್ಯಾಷರ್ ಇಲ್ಲದೆ.

ಕಲ್ಲು ತಳದಲ್ಲಾದರೆ ಬಾಳೆಹಣ್ಣಿನ ಸೀಸಕ್ಕಿಂತ ಜಾರುವ ಸೀಸ ಲೇಸು. ಮುಖ್ಯ ದಾರವನ್ನು ಒಂದು ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿ, ಕೆಳಗೆ ಒಂದು ಮಣಿ, ಮಣಿಯ ಕೆಳಗೆ ತಿರುಗಣೆ ಕಟ್ಟಿ. ಕೊಳವೆಯ ಕೊಕ್ಕೆಗೆ ಒಂದು ಗೇಣು ಉದ್ದದ, 10–12 ಪೌಂಡ್‌ನ ಸಣ್ಣ ದಾರದಿಂದ ಗುಂಡು ಸೀಸ ತೂಗುಬಿಡಿ. ಗುಂಡು ಬಂಡೆಗೆ ಸಿಕ್ಕಿದರೆ ಆ ಸಣ್ಣ ದಾರ ಕಡಿದು ಗುಂಡು ಮಾತ್ರ ಹೋಗುತ್ತದೆ, ಉಳಿದ ಸಾಮಾನು ಉಳಿಯುತ್ತದೆ. ಮುಖ್ಯ ದಾರದಷ್ಟೇ ಗಟ್ಟಿ ದಾರದಿಂದ ಗುಂಡು ಕಟ್ಟಿದವರು ಎಲ್ಲವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ಫ್ಲ್ಯಾಷರ್ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ಇಲ್ಲಿ ಎಲ್ಲರೂ ಬಳಸುವ 11 ಇಂಚಿನ ಫ್ಲ್ಯಾಷರ್ ಪೂರ್ತಿ ಸುತ್ತು ಹೊಡೆಯುತ್ತಾ ಬೆಳಕು ಚಿಮ್ಮಿಸುತ್ತದೆ, ಹಿಂದಿನ ಎರೆಯನ್ನು ಅತ್ತಿಂದಿತ್ತ ಎಸೆಯುತ್ತದೆ, ಮೀನನ್ನು ಕರೆಯುತ್ತದೆ. ಎಲ್ಲ ನಿಜ. ಆದರೆ ಅದರ ತಡೆ ಸಣ್ಣದಲ್ಲ. ಡೌನ್‌ರಿಗ್ಗರ್‌ನ 12 ಪೌಂಡ್ ಗುಂಡಿಗೆ ಅದು ಲೆಕ್ಕಕ್ಕಿಲ್ಲ. ನಿಮ್ಮ 12 ಔನ್ಸ್ ಸೀಸಕ್ಕೆ ಮಾತ್ರ ಆನೆಭಾರ. ಆಳ ಸಾಲದಿದ್ದಾಗ ಸೀಸ ಹೆಚ್ಚಿಸುವ ಮೊದಲು ಫ್ಲ್ಯಾಷರ್ ಬಿಚ್ಚಿ. ಹೊಳಪು ಬೇಕೇ ಬೇಕೆಂದರೆ ಪೂರ್ತಿ ಸುತ್ತದೆ ಬರೀ ಓಲಾಡುವ ಡಾಜರ್ ಹಾಕಿ, ಅದರ ಎಳೆತ ಕಡಿಮೆ.

ಹಾಗಿದ್ದೂ ಫ್ಲ್ಯಾಷರ್ ಕಟ್ಟುವುದಾದರೆ ಉದ್ದಗಳ ಕೂಡಿಕೆ ಮೊದಲೇ ನೋಡಿಕೊಳ್ಳಿ. ಸೀಸ ಕೋಲಿನ ತುದಿಗೆ ಬಂದು ನಿಂತ ಮೇಲೆ ದಾರ ಸುತ್ತಲಾಗುವುದಿಲ್ಲ, ಮೀನು ಇನ್ನೂ ಅಷ್ಟು ದೂರದಲ್ಲಿ ಒದ್ದಾಡುತ್ತಿರುತ್ತದೆ. ಸೀಸದಿಂದ ಫ್ಲ್ಯಾಷರ್‌ಗೆ 4 ಅಡಿ, ಫ್ಲ್ಯಾಷರ್ 1 ಅಡಿ, ಅಲ್ಲಿಂದ ಗಾಳಕ್ಕೆ 4 ಅಡಿ, ಒಟ್ಟು 9 ಅಡಿ. ಹತ್ತೂವರೆ ಅಡಿಯ ಕೋಲಾದರೆ ಎತ್ತಿ ಹಿಡಿದು ಕೈಬಲೆಯ ತನಕ ತರಬಹುದು. 7 ಅಡಿ ಕೋಲಿನಲ್ಲಿ ಅದೇ ಕಟ್ಟು ಕಟ್ಟಿದವರು ದೋಣಿಯ ಪಕ್ಕದಲ್ಲೇ ಮೀನು ಬಿಟ್ಟುಕೊಡುತ್ತಾರೆ. ಪ್ಲಾಸ್ಟಿಕ್ ಬೊಂಡಾಸದ ಎರೆಗೆ ತನ್ನದೇ ಆಟವಿಲ್ಲ, ಫ್ಲ್ಯಾಷರ್ ಎಸೆದರೆ ಮಾತ್ರ ಕುಣಿಯುತ್ತದೆ. ಅದಕ್ಕೆ ಹಿಂದಿನ ದಾರ 28–36 ಇಂಚಿಗೆ ಮೀರದಿರಲಿ.

ನಿಧಾನವಾಗಿ ಹೋದಷ್ಟೂ ಆಳ ಎಂದಾದ ಮೇಲೆ, ನಿಧಾನದಲ್ಲೂ ಕುಣಿಯುವ ಎರೆ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಸ್ಪೂನ್ ಎಂಬ ಹೊಳೆಯುವ ತಗಡುಗಳಿಗೆ ಸಾಮಾನ್ಯವಾಗಿ 2 ನಾಟ್‌ಗಿಂತ ಹೆಚ್ಚು ಬೇಕು. ಒಂದು ನಾಟ್‌ನಲ್ಲೂ ಸೊಗಸಾಗಿ ಉರುಳುವುದು ತಲೆ ಕತ್ತರಿಸಿದ ಹೆರಿಂಗ್. ನೋಡಲು ನಮ್ಮ ಬೂತಾಯಿಯಂತೆಯೇ ಇರುವ ಬೆಳ್ಳಿ ಮೀನು ಅದು. ಕಿವಿರಿನ ಹಿಂದೆ ಚೂಪಾದ ಚಾಕುವಿನಿಂದ ಎರಡು ಓರೆ ಒಟ್ಟಿಗೆ ಬರುವಂತೆ ಕತ್ತರಿಸಬೇಕು: ಬೆನ್ನಿನಿಂದ ಹೊಟ್ಟೆಯ ಕಡೆಗೆ ಒಂದು ಓರೆ, ಎಡದಿಂದ ಬಲಕ್ಕೆ ಇನ್ನೊಂದು. ಕರುಳು ತೆಗೆದು, ಒಂದರ ಹಿಂದೊಂದು ಕಟ್ಟಿದ ಎರಡು ಗಾಳಗಳಲ್ಲಿ ಮೇಲಿನದನ್ನು ಕತ್ತರಿಸಿದ ಮುಖದ ಉದ್ದ ಬದಿಯಲ್ಲಿ ತೂರಿಸಿ ಹೊರತೆಗೆದು, ಕೆಳಗಿನದನ್ನು ಪಕ್ಕಕ್ಕೆ ಚುಚ್ಚಬೇಕು ಅಥವಾ ತೂಗುಬಿಡಬೇಕು. ಓರೆ ಚೂಪಾದರೆ ಬಿಗಿಯಾದ ವೇಗದ ಉರುಳು, ಇದು ಕೋಹೊ ಎಂಬ ಇನ್ನೊಂದು ಜಾತಿಯ ಸಾಲ್ಮನ್‌ಗೆ ಇಷ್ಟ. ಓರೆ ಕಡಿಮೆಯಾದರೆ ಸೋಮಾರಿಯಂತೆ ದೊಡ್ಡ ವೃತ್ತದ ಉರುಳು, ಚಿನೂಕ್‌ಗೆ ಇದೇ ಸರಿ. ಹೆರಿಂಗ್ ಮೆತ್ತಗಾಗಿ ಗಾಳದಿಂದ ಕಿತ್ತು ಬರುವುದು ನಿತ್ಯದ ರಗಳೆ. ಹಿಂದಿನ ರಾತ್ರಿ ಅಯೋಡಿನ್ ಇಲ್ಲದ ಉಪ್ಪು ಕರಗಿಸಿದ ತಣ್ಣೀರಿನಲ್ಲಿ, ಲೀಟರಿಗೆ ಒಂದು ಕಪ್ಪಿನಂತೆ, ನೆನೆಸಿಟ್ಟರೆ ಚರ್ಮ ಗಟ್ಟಿಯಾಗುತ್ತದೆ. ಕೆಳಗಿಳಿಸುವ ಮುನ್ನ ದೋಣಿಯ ಪಕ್ಕದಲ್ಲೇ ನೀರಿಗೆ ಹಿಡಿದು ಉರುಳು ನೋಡಿ. ಮೇಲೆ ಕುಣಿಯದ ಎರೆ ಕೆಳಗೂ ಕುಣಿಯುವುದಿಲ್ಲ.

ಈ ಹೆರಿಂಗ್ ಮತ್ತು ಬಾಳೆಹಣ್ಣಿನ ಸೀಸದ ಜೋಡಿಗೆ ಪ್ಯೂಜೆಟ್ ಸೌಂಡ್‌ನಲ್ಲಿ ಮೂಚಿಂಗ್ ಎಂಬ ಹಳೆಯ ಹೆಸರಿದೆ. ಡೌನ್‌ರಿಗ್ಗರ್ ಮನೆಮಾತಾಗುವ ಮೊದಲು ಇಲ್ಲಿಯವರು ಚಿನೂಕ್ ಹಿಡಿಯುತ್ತಿದ್ದುದೇ ಹೀಗೆ. ಅದರ ಎಂಜಿನ್ ರೂಪ ಇನ್ನೂ ಜಾಣತನದ್ದು: ಸ್ವಲ್ಪ ಹೊತ್ತು ಗಿಯರ್ ಹಾಕಿ ಎಳೆಯಿರಿ, ಎರೆ ಮೇಲೇರುತ್ತದೆ, ಗಿಯರ್ ಬಿಡಿ, ದೋಣಿ ನಿಲ್ಲುತ್ತಿದ್ದಂತೆ ಸೀಸ ಕೆಳಗಿಳಿಯುತ್ತದೆ. ಒಂದೇ ದಾರ 80 ಅಡಿಯಿಂದ 50 ಅಡಿಯವರೆಗಿನ ಪದರಗಳನ್ನೆಲ್ಲ ತಡಕಾಡಿ ಬರುತ್ತದೆ. ಮೀನು ಕಚ್ಚುವುದು ಹೆಚ್ಚಾಗಿ ಎರೆ ಇಳಿಯುವಾಗ, ಗಾಯಗೊಂಡ ಹೆರಿಂಗ್ ಕೆಳಕ್ಕೆ ಕುಸಿಯುವಂತೆ ಕಾಣುವಾಗ. ಆಗ ದಾರ ಬಿಗಿಯಾಗುವುದಿಲ್ಲ, ಸಡಿಲವಾಗುತ್ತದೆ, ಏಕೆಂದರೆ ಚಿನೂಕ್ ಎರೆ ಹಿಡಿದು ಮೇಲಕ್ಕೆ ಬರುತ್ತದೆ. ಸಡಿಲ ಕಂಡೊಡನೆ ದಾರ ಬಿಗಿಯಾಗುವವರೆಗೆ ಬೇಗ ಬೇಗ ಸುತ್ತಬೇಕು. ಕೋಲನ್ನು ಝಾಡಿಸಿದರೆ ಎರೆ ಬಾಯಿಂದ ಹೊರಬರುತ್ತದೆ, ಅಷ್ಟೇ.

ಸೀಸದಿಂದ ಆಗದ ಆಳಕ್ಕೆ ಡೈವರ್ ಎಂಬ ತಟ್ಟೆ ಇದೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಓರೆಯಾಗಿ ನಿಂತು ಗಾಳಿಪಟದಂತೆ ಕೆಲಸ ಮಾಡುತ್ತದೆ, ಆದರೆ ಏರುವ ಬದಲು ಇಳಿಯುತ್ತದೆ. ಇಲ್ಲಿ ನೀರಿನ ತಡೆಯೇ ಕೆಳಕ್ಕೆ ಒತ್ತುವ ಬಲ. ಡೀಪ್ ಸಿಕ್ಸ್, ಪಿಂಕ್ ಲೇಡಿ ನೇರ ಕೆಳಗೆ ಹೋಗುವಂಥವು. ಡಿಪ್ಸಿ ಡೈವರ್‌ನ ಅಡಿಯಲ್ಲಿ ತಿರುಗಿಸುವ ತೂಕವಿದ್ದು, 0ಯಲ್ಲಿಟ್ಟರೆ ನೇರ ಇಳಿಯುತ್ತದೆ. 1, 2, 3ಕ್ಕೆ ತಿರುಗಿಸಿದಷ್ಟೂ ದೋಣಿಯಿಂದ ಎಡಕ್ಕೋ ಬಲಕ್ಕೋ ದೂರ ಸರಿಯುತ್ತದೆ, ಆಳ ಅಷ್ಟು ಕಡಿಮೆಯಾಗುತ್ತದೆ. ಸಣ್ಣ ದೋಣಿಯಲ್ಲಿ ಎರಡು ಕೋಲು ಸಿಕ್ಕುಬೀಳದಂತೆ ಎಡಬಲಕ್ಕೆ ಹರಡಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಬ್ರೇಡ್ ದಾರದಲ್ಲಿ, ಕಡಿಮೆ ಅಂಕೆಯಲ್ಲಿಟ್ಟರೆ ಸುಮಾರು ಎರಡು ಅಡಿ ದಾರಕ್ಕೆ ಒಂದು ಅಡಿ ಆಳ, 3ರಲ್ಲಿ ಮೂರಕ್ಕೆ ಒಂದು ಎಂದು ಅಂದಾಜು ಹಿಡಿದು, ನಿಮ್ಮ ದಾರಕ್ಕೆ ತಕ್ಕಂತೆ ತಿದ್ದಿಕೊಳ್ಳಿ.

ಡೈವರ್ ಕೆಡುವುದು ಹೆಚ್ಚಾಗಿ ಅದರ ಬಿಡುಗಡೆಯ ಸ್ಕ್ರೂವಿನಿಂದ. ಮೀನು ಕಚ್ಚಿದಾಗ ತಟ್ಟೆ ಕಳಚಿ ಮಲಗಬೇಕು, ಆಗ ಎಳೆತ ಇಳಿಯುತ್ತದೆ. ಸ್ಕ್ರೂ ಸಡಿಲವಾಗಿದ್ದರೆ ಅಲೆಯ ಕುಲುಕಿಗೇ ಕಳಚಿಕೊಂಡು ಗಾಳ ಮೇಲೆ ತೇಲುತ್ತದೆ, ನೀವು ಅರ್ಧ ಗಂಟೆ ಖಾಲಿ ನೀರು ಎಳೆಯುತ್ತೀರಿ. ಬಿಗಿಯಾಗಿದ್ದರೆ ಮೀನು ಕಚ್ಚಿದರೂ ಕಳಚುವುದಿಲ್ಲ. ದೋಣಿ ಸಾಗುತ್ತಿರುವಾಗ ಕೋಲನ್ನು ಜೋರಾಗಿ ಒಮ್ಮೆ ಝಾಡಿಸಿದರೆ ಕಳಚಬೇಕು, ಬರೀ ಎಳೆತಕ್ಕೆ ಕಳಚಬಾರದು. ಆ ಹದ ಸಿಗುವವರೆಗೆ ತಿರುಗಿಸುತ್ತಿರಿ. ಇಳಿಸುವಾಗ ಅವಸರ ಬೇಡ. ರೀಲಿನ ಮೇಲೆ ಹೆಬ್ಬೆರಳಿಟ್ಟು ತಡೆತಡೆದು ಬಿಡದಿದ್ದರೆ ತಟ್ಟೆ ಬಗ್ಗುವುದೇ ಇಲ್ಲ, ಎರೆ ತಿರುಗಿ ಮುಖ್ಯ ದಾರಕ್ಕೇ ಸುತ್ತಿಕೊಳ್ಳುತ್ತದೆ. ತಟ್ಟೆಯ ಹಿಂದಿನ ದಾರ ಕೋಲಿನ ಉದ್ದ ಮೀರಬಾರದು, ಕಾರಣ ಮೇಲೆ ಹೇಳಿದ್ದೇ. ಡೈವರ್‌ನ ಎಳೆತ ಬಲವಾದದ್ದು, ಬಳುಕುವ ಕೋಲು ಸಾಲದು, ಕೋಲು ಸಿಕ್ಕಿಸುವ ಹಿಡಿಕೆಯೂ ಗಟ್ಟಿಯಾಗಿರಬೇಕು. ಸಣ್ಣ ಮೀನು ಸಿಕ್ಕಿದರೆ ತಟ್ಟೆ ಕಳಚುವುದಿಲ್ಲ, ಕೋಲೂ ಅಲುಗುವುದಿಲ್ಲ. ಆ ಬಡಪಾಯಿಯನ್ನು ಎಳೆದಾಡುತ್ತಲೇ ಇರಬಾರದೆಂದರೆ 15–20 ನಿಮಿಷಕ್ಕೊಮ್ಮೆ ಎತ್ತಿ ನೋಡಬೇಕು.

ಮೂರನೆಯ ದಾರಿ ದಾರವನ್ನೇ ಭಾರ ಮಾಡುವುದು. ಇದರ ತವರು ಅಮೆರಿಕದ ಮಹಾಸರೋವರಗಳು. ಮಿಶಿಗನ್ ರಾಜ್ಯ 1966ರಲ್ಲಿ ಕೋಹೊ ಮರಿಗಳನ್ನೂ 1967ರಲ್ಲಿ ಚಿನೂಕ್ ಮರಿಗಳನ್ನೂ ಬಿಟ್ಟ ಮೇಲೆ ಸಿಹಿನೀರಿನಲ್ಲಿ ಸಾಲ್ಮನ್ ಟ್ರೋಲಿಂಗ್ ಬೆಳೆಯಿತು. ಲೆಡ್‌ಕೋರ್ ಎಂಬ ದಾರದಲ್ಲಿ ನೈಲಾನ್ ಹೆಣಿಗೆಯ ಒಳಗೆ ಸಣ್ಣ ಸೀಸದ ಎಳೆ ಇರುತ್ತದೆ. ಪ್ರತಿ 10 ಗಜಕ್ಕೆ ಬಣ್ಣ ಬದಲಾಗುತ್ತದೆ, ಅಳತೆ ದಾರದಲ್ಲೇ ಇದೆ. ಗಂಟೆಗೆ 2 ಮೈಲಿ ವೇಗದಲ್ಲಿ ಒಂದು ಬಣ್ಣಕ್ಕೆ ಸುಮಾರು 5 ಅಡಿ ಆಳ, 10 ಬಣ್ಣಕ್ಕೆ 50 ಅಡಿ. ತಾಮ್ರದ ತಂತಿ ಇನ್ನೂ ಚುರುಕು, 100 ಅಡಿಗೆ 20–25 ಅಡಿ ಇಳಿಯುತ್ತದೆ, ಆದರೆ ಒಮ್ಮೆ ಮುರಿ ಬಿದ್ದರೆ ಆ ಜಾಗದಲ್ಲಿ ಕಡಿದಂತೆಯೇ ಲೆಕ್ಕ, ರೀಲೂ ದೊಡ್ಡದಿರಬೇಕು. ಲೆಡ್‌ಕೋರ್‌ಗೆ ಗಂಟು ಹಾಕುವಾಗ ತುದಿಯ ನಾಲ್ಕೈದು ಇಂಚು ಹೆಣಿಗೆಯನ್ನು ಹಿಂದೆ ಸರಿಸಿ, ಒಳಗಿನ ಸೀಸ ಮುರಿದು ತೆಗೆದು, ಖಾಲಿ ಹೆಣಿಗೆಗೆ ಮಾತ್ರ ಗಂಟು ಹಾಕಬೇಕು. ಇಷ್ಟೆಲ್ಲ ಆದರೂ 300 ಅಡಿ ದಾರ ದೋಣಿಯ ಹಿಂದೆ ಹರಡಿರುತ್ತದೆ. ಮಿಶಿಗನ್ ಸರೋವರದ ಬಯಲಿನಲ್ಲಿ ಅದು ಸರಿಹೋಗುತ್ತದೆ; ಪ್ಯೂಜೆಟ್ ಸೌಂಡ್‌ನ ಪಾಯಿಂಟ್ ನೋ ಪಾಯಿಂಟ್‌ನಂಥ ಜಾಗದಲ್ಲಿ, ಆಗಸ್ಟ್‌ನ ಬೆಳಿಗ್ಗೆ ದೋಣಿಗಳು ಒತ್ತೊತ್ತಾಗಿ ಸಾಗುವಾಗ, ಜಗಳಕ್ಕೆ ದಾರಿ.

ಆಳ ಮುಟ್ಟುವುದು ಗೊತ್ತಾದರೂ ಯಾವ ಆಳ ಎಂಬುದು ಉಳಿಯುತ್ತದೆ. ಮಹಾಸರೋವರಗಳಲ್ಲಿ ಅದನ್ನು ಹೇಳುವುದು ಉಷ್ಣತೆ. ಬೇಸಿಗೆಯಲ್ಲಿ ಮೇಲಿನ ಬೆಚ್ಚನೆ ನೀರಿಗೂ ಕೆಳಗಿನ ತಣ್ಣೀರಿಗೂ ನಡುವೆ ಒಂದು ಗಡಿ ಏರ್ಪಡುತ್ತದೆ, ಚಿನೂಕ್ ಸುಮಾರು 10–13 ಡಿಗ್ರಿ ಸೆಲ್ಸಿಯಸ್ ಇರುವ ಪದರ ಹುಡುಕುತ್ತದೆ. ಪ್ಯೂಜೆಟ್ ಸೌಂಡ್‌ನಲ್ಲಿ ಭರತ-ಇಳಿತ ನೀರನ್ನು ಕಲಕುತ್ತಲೇ ಇರುವುದರಿಂದ ಈ ಲೆಕ್ಕ ಅಷ್ಟು ನಡೆಯದು. ಅಲ್ಲಿ ನೋಡಬೇಕಾದದ್ದು ಬೆಳಕು ಮತ್ತು ಹೆರಿಂಗ್ ಹಿಂಡು. ನಸುಕಿನಲ್ಲಿ ಚಿನೂಕ್ 30–50 ಅಡಿಗೂ ಬರುತ್ತದೆ, ಬಿಸಿಲೇರಿದಂತೆ ಇಳಿಯುತ್ತದೆ. ಡೌನ್‌ರಿಗ್ಗರ್ ಇಲ್ಲದವರಿಗೆ ಇದರಷ್ಟು ಬೆಲೆಬಾಳುವ ಸಂಗತಿ ಇನ್ನೊಂದಿಲ್ಲ: ಬೆಳಕು ಹರಿಯುವ ಮುನ್ನ ದೋಣಿ ನೀರಿಗಿಳಿದಿದ್ದರೆ 8 ಔನ್ಸ್ ಸಾಕಾಗುತ್ತದೆ, ಹತ್ತು ಗಂಟೆಗೆ ಬಂದವರಿಗೆ 16 ಔನ್ಸೂ ಸಾಲದು. ಕೋಹೊ ಹೆಚ್ಚಾಗಿ 60 ಅಡಿಗಿಂತ ಮೇಲೆಯೇ ಇರುತ್ತದೆ, ವೇಗವನ್ನೂ ಇಷ್ಟಪಡುತ್ತದೆ. ಮೊದಲ ವರ್ಷ ಅದನ್ನೇ ಗುರಿ ಮಾಡಿಕೊಂಡರೆ ಸೋಲು ಕಡಿಮೆ. ಸೋನಾರ್‌ನಲ್ಲಿ ಮೀನು ಕಂಡರೆ ಗಾಳವನ್ನು ಅದಕ್ಕಿಂತ ಐದಾರು ಅಡಿ ಮೇಲೆ ಇಡಿ. ಸಾಲ್ಮನ್ ಮೇಲಕ್ಕೆ ಬಂದು ಕಚ್ಚುತ್ತದೆ, ಕೆಳಗಿಳಿದು ಕಚ್ಚುವುದು ಅಪರೂಪ.

ತಿರುವುಗಳನ್ನು ಗಮನಿಸಿ. ದೋಣಿ ಬಲಕ್ಕೆ ತಿರುಗಿದರೆ ಬಲದ ದಾರ ನಿಧಾನವಾಗಿ ಆಳಕ್ಕಿಳಿಯುತ್ತದೆ, ಎಡದ್ದು ವೇಗ ಪಡೆದು ಮೇಲೇಳುತ್ತದೆ. ಒಳಬದಿಯ ದಾರಕ್ಕೇ ಮೀನು ಬೀಳುತ್ತಿದ್ದರೆ ನೀವು ವೇಗವಾಗಿದ್ದೀರಿ ಅಥವಾ ಮೇಲಿದ್ದೀರಿ. ಹೊರಬದಿಗೆ ಬೀಳುತ್ತಿದ್ದರೆ ಅದರ ತಿರುಗುಮುರುಗು. ತಿರುವು ಬಿಗಿಯಾದರೆ ಒಳದಾರ ತಳ ಹಿಡಿದು ಪ್ರೊಪೆಲ್ಲರ್ ಕಡೆ ಬರುತ್ತದೆ, ಆದ್ದರಿಂದ ದೊಡ್ಡ ವೃತ್ತದಲ್ಲೇ ತಿರುಗಬೇಕು. ಕೋಲಿನ ತುದಿ ನಿಯಮಿತವಾಗಿ ತಲೆಯಾಡಿಸುತ್ತಿದ್ದುದು ನಿಂತುಹೋದರೆ ಎರೆಗೆ ಪಾಚಿಯೋ ಜೆಲ್ಲಿ ಮೀನಿನ ತುಂಡೋ ಮೆತ್ತಿಕೊಂಡಿದೆ ಎಂದರ್ಥ.

ಕಾನೂನಿನ ಮಾತು. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸಮುದ್ರದಲ್ಲಿ ಗಾಳದ ದಾರಕ್ಕೆ ನೇರವಾಗಿ 1 ಕಿಲೋಗಿಂತ ಹೆಚ್ಚು ಭಾರ ಕಟ್ಟುವಂತಿಲ್ಲ. ಡೌನ್‌ರಿಗ್ಗರ್‌ನ ತಂತಿಗೆ ಮಾತ್ರ ವಿನಾಯಿತಿ. ಅಲ್ಲೂ ಪ್ಯೂಜೆಟ್ ಸೌಂಡ್‌ನಲ್ಲೂ ಸಾಲ್ಮನ್‌ಗೆ ಹಿಮ್ಮುಳ್ಳಿಲ್ಲದ ಗಾಳವೇ ಆಗಬೇಕು. ಇಕ್ಕಳದಿಂದ ಮುಳ್ಳನ್ನು ಅದುಮಿದರೆ ಆಯಿತು. ಹಿಮ್ಮುಳ್ಳಿಲ್ಲದಾಗ ದಾರ ಒಂದು ಕ್ಷಣ ಸಡಿಲವಾದರೂ ಸೀಸದ ತೂಗಾಟಕ್ಕೇ ಗಾಳ ಕಳಚಬಹುದು, ಡೌನ್‌ರಿಗ್ಗರ್ ಇಲ್ಲದವರು ತೆರುವ ದಂಡವಿದು. ಯಾವ ಪ್ರದೇಶ ಯಾವ ದಿನ ತೆರೆದಿದೆ, ಎಷ್ಟು ಮೀನು, ಎಷ್ಟು ಉದ್ದ ಎಂಬುದು ಋತುವಿನ ನಡುವೆಯೂ ಬದಲಾಗುತ್ತದೆ. ವಾಷಿಂಗ್ಟನ್ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ತುರ್ತು ಪ್ರಕಟಣೆಗಳನ್ನು ಹೊರಡುವ ದಿನ ಬೆಳಿಗ್ಗೆಯೇ ನೋಡಿಕೊಳ್ಳಬೇಕು. ನೀರು ಬೇಸಿಗೆಯಲ್ಲೂ ಮೈ ಮರಗಟ್ಟಿಸುವಷ್ಟು ತಣ್ಣಗಿರುತ್ತದೆ, ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲಿರಲಿ.

ಪ್ಯೂಜೆಟ್ ಸೌಂಡ್‌ನ ಕಾಡು ಚಿನೂಕ್ 1999ರಿಂದ ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಸಾಕಿ ಬಿಟ್ಟ ಮೀನಿನ ಬೆನ್ನಿನಲ್ಲಿ, ಬಾಲದ ಮುಂದಿರುವ ಪುಟ್ಟ ಕೊಬ್ಬಿನ ರೆಕ್ಕೆಯನ್ನು ಮರಿಯಾಗಿದ್ದಾಗಲೇ ಕತ್ತರಿಸಿರುತ್ತಾರೆ. ಆ ರೆಕ್ಕೆ ಇದ್ದರೆ ಕಾಡು ಮೀನು ಎಂದು ತಿಳಿದು, ಇಟ್ಟುಕೊಳ್ಳುವ ಅನುಮತಿ ಇಲ್ಲದಿದ್ದಾಗ ದೋಣಿಯೊಳಗೆ ತರದೆ ನೀರಿನಲ್ಲೇ ಬಿಡಬೇಕು. ಜಾತಿ ಗುರುತಿಸಲು ಬಾಯಿ ನೋಡಿ: ಚಿನೂಕ್‌ನ ಒಸಡು ಕಪ್ಪು, ಕೋಹೊದ್ದು ಹಲ್ಲಿನ ಬುಡದಲ್ಲಿ ಬಿಳಿ. ಬಾಲದ ಎರಡೂ ಕವಲುಗಳಲ್ಲಿ ಚುಕ್ಕೆ ಇದ್ದರೆ ಚಿನೂಕ್, ಮೇಲಿನ ಕವಲಿನಲ್ಲಿ ಮಾತ್ರ ಇದ್ದರೆ ಕೋಹೊ. 90 ಅಡಿಯಿಂದ ಎತ್ತಿದ ಮೀನು ಬದುಕುತ್ತದೆಯೇ ಎಂದು ಕೇಳುವವರಿದ್ದಾರೆ. ಸಾಲ್ಮನ್‌ನ ಗಾಳಿಚೀಲಕ್ಕೆ ಗಂಟಲಿನ ಕಡೆ ದಾರಿಯಿರುವುದರಿಂದ ಏರುವಾಗ ಗಾಳಿಯನ್ನು ತಾನೇ ಹೊರಹಾಕುತ್ತದೆ, ಬಂಡೆಮೀನುಗಳಂತೆ ಹೊಟ್ಟೆ ಉಬ್ಬಿ ತೇಲುವುದಿಲ್ಲ. ಅದನ್ನು ಸಾಯಿಸುವುದು ಒಣಗೈಯ ಹಿಡಿತ, ಉದುರಿದ ಪೊರೆ. ಇಕ್ಕಳದಲ್ಲಿ ಗಾಳದ ಬಾಗನ್ನು ಹಿಡಿದು ತಲೆಕೆಳಗು ಮಾಡಿದರೆ ಹಿಮ್ಮುಳ್ಳಿಲ್ಲದ ಗಾಳ ಎರಡು ಸೆಕೆಂಡಿನಲ್ಲಿ ಕಳಚಿ ಬರುತ್ತದೆ, ಮೀನನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.